ಬಿಡದ ಬಾಣಗಳನ್ನು ಎಣಿಸಿದವರಿಗೆ

ಮೊನ್ನೆ ಭಾನುವಾರ 70 ಮೀಟರ್ ದೂರದ ಗುರಿಗೆ 72 ಬಾಣ ಬಿಟ್ಟೆ. 720ಕ್ಕೆ 561 ಅಂಕ ಬಂತು. ಭುಜಕ್ಕೆ ಪೆಟ್ಟಾಗುವ ಮುಂಚೆ ನಾನು ಗಳಿಸಿದ್ದ ಅತಿ ಹೆಚ್ಚಿನ ಅಂಕ 594. ಅದಕ್ಕಿಂತ ಇದು 33 ಕಡಿಮೆ. ಆದರೂ ಅಂಕಪಟ್ಟಿಗೆ ಸಹಿ ಹಾಕುವಾಗ ಕಣ್ಣು ತುಂಬಿ ಬಂತು. 14 ತಿಂಗಳ ಹಿಂದೆ ಇದೇ ಬಲಗೈಯಲ್ಲಿ ತಲೆ ಬಾಚಿಕೊಳ್ಳಲೂ ಆಗುತ್ತಿರಲಿಲ್ಲ. ಆ ಕೈಗೆ ಮತ್ತೆ ಬಿಲ್ಲು ಹಿಡಿಸಿದವರಿಗೆ ಎಲ್ಲರೆದುರೇ ಕೈಮುಗಿಯಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ತಪ್ಪು ನನ್ನದೇ. ಬಾಣ ಇನ್ನಷ್ಟು ವೇಗವಾಗಿ, ನೇರವಾಗಿ ಹಾರಲಿ ಎಂಬ ಆಸೆಗೆ ಬಿದ್ದು ಬಿಲ್ಲಿನ ಎಳೆತವನ್ನು, ಅಂದರೆ ಹೆದೆ ಎಳೆಯಲು ಬೇಕಾದ ಬಲವನ್ನು, ಒಂದೇ ತಿಂಗಳಲ್ಲಿ 30 ಪೌಂಡಿನಿಂದ 38ಕ್ಕೆ ಏರಿಸಿದ್ದೆ. ದಿನಕ್ಕೆ 150 ಬಾಣದ ಅಭ್ಯಾಸ ಬೇರೆ. ಬೆನ್ನು ಎಳೆಯಬೇಕಾದ ಭಾರವನ್ನು ತೋಳು ಎಳೆಯತೊಡಗಿತು, ಹೆಗಲು ಕಿವಿಯತ್ತ ಏರಿತು, ಕೊನೆಗೆ ಭುಜದ ಕೀಲಿನ ಸ್ನಾಯುರಜ್ಜು ಊದಿಕೊಂಡಿತು. ನೋವು ಮೊದಲು ಸುಳಿವು ಕೊಟ್ಟ ದಿನವೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ಫಿಸಿಯೋಥೆರಪಿ ಮೇಡಂ, ಮೊದಲ ನಮಸ್ಕಾರ ನಿಮಗೆ. ನೀವು ಎಂದೂ ಬಿಲ್ಲು ಹಿಡಿದವರಲ್ಲ. ಆದರೂ ರಬ್ಬರ್ ಪಟ್ಟಿಯನ್ನು ಕೈಗೆ ಕೊಟ್ಟು, "ಹೇಗೆ ಎಳೀತೀರಿ, ತೋರಿಸಿ" ಅಂದಿರಿ. ಹಿಂದೆ ನಿಂತು ನನ್ನ ಬೆನ್ನಿನ ರೆಕ್ಕೆಮೂಳೆಯ ಮೇಲೆ ಎರಡು ಬೆರಳಿಟ್ಟು, "ಇದು ಜರುಗಲಿ, ಭುಜ ಅಲ್ಲ" ಅಂದಿರಿ. ಇಷ್ಟು ವರ್ಷ ಕೇಳಿದ್ದ ಮಾತೇ ಅದು. ಆದರೆ ಅದು ಮೈಗೆ ಅರ್ಥವಾದದ್ದು ಆ ಎರಡು ಬೆರಳಿನಿಂದ.

ಭುಜ ಐದು ತಿಂಗಳಲ್ಲಿ ವಾಸಿಯಾಯಿತು. ಭಯ ವಾಸಿಯಾಗಲಿಲ್ಲ. ಬಿಲ್ಲುಗಾರರು ಟಾರ್ಗೆಟ್ ಪ್ಯಾನಿಕ್ ಅನ್ನುವುದು ಇದಕ್ಕೇ. ಗುರಿ ನೋಡಲು ಬಿಲ್ಲಿಗೆ ಕೂರಿಸಿದ ಸೈಟಿನ ಚುಕ್ಕೆ ಗುರಿಯ ನಟ್ಟನಡುವಿನ ಹಳದಿಯೊಳಗೆ ಹೋಗುವುದೇ ಇಲ್ಲ, ಕೆಳಗೆ ನೀಲಿಯಲ್ಲೇ ಅಂಟಿಕೊಂಡು ನಿಲ್ಲುತ್ತದೆ. ಎಷ್ಟು ಬಯಸಿದರೂ ಮೇಲೇರುವುದಿಲ್ಲ. ಅಪ್ಪಿತಪ್ಪಿ ಹಳದಿ ಮುಟ್ಟಿತೋ, ಕ್ಲಿಕ್ಕರ್ ಸದ್ದಾಗುವ ಮೊದಲೇ ಬೆರಳು ತಾನಾಗಿ ಹೆದೆಯನ್ನು ಬಿಟ್ಟುಬಿಡುತ್ತದೆ. ಬಾಣವನ್ನು ಪೂರ್ತಿ ಎಳೆದಾಗ ಅದರ ತುದಿಯಿಂದ ಜಾರಿ 'ಟಿಕ್' ಎನ್ನುವ ತೆಳು ಪಟ್ಟಿಯೇ ಕ್ಲಿಕ್ಕರ್. ಆ ಸದ್ದು ಕೇಳಿದ ಮೇಲೇ ಬಿಡಬೇಕು. ನನಗೆ ಆ ಸದ್ದು ಕೇಳುವವರೆಗೆ ತಾಳಿಕೊಳ್ಳಲು ಆಗುತ್ತಿರಲಿಲ್ಲ. ಇನ್ನು ಸಾಕು, ಬಿಲ್ಲು ಯಾರಿಗಾದರೂ ಕೊಟ್ಟುಬಿಡುತ್ತೇನೆ ಅಂದಿದ್ದೆ.

ಕೋಚ್ ಸರ್, ಆ ದಿನ ನೀವು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಬಿಟ್ಟ ಬಾಣ ಹಿಂದಕ್ಕೆ ಬರಲ್ಲ ಅಂತಾರೆ ನಿಜ. ಎಳೆದ ಬಾಣ ಬರುತ್ತೆ. ಮೊದಲು ಅದನ್ನ ಕಲೀರಿ" ಅಂದಿರಿ. ಗುರಿಯ ಹಾಳೆ ಕಿತ್ತು ಹಾಕಿ, ಬರೀ ಹುಲ್ಲಿನ ದಪ್ಪ ಹಲಗೆಯ ಮುಂದೆ ನಾಲ್ಕೇ ಹೆಜ್ಜೆ ದೂರದಲ್ಲಿ ನಿಲ್ಲಿಸಿದಿರಿ. ಹೊಸಬರಿಗೆ ಕೊಡುವ 20 ಪೌಂಡಿನ ಬಿಲ್ಲು ಕೈಗೆ ಬಂತು. ಬಾಣ ಹೂಡಬೇಕು, ಎಳೆಯಬೇಕು, ಕೈ ದವಡೆಯ ಕೆಳಗೆ ಕೂರಬೇಕು, ಹೆದೆ ಗದ್ದಕ್ಕೂ ಮೂಗಿನ ತುದಿಗೂ ತಾಗಬೇಕು. ಕಣ್ಣು ಮುಚ್ಚಿ ಮೂರು ಎಣಿಸಬೇಕು. ಆಮೇಲೆ ಬಿಡದೆ, ನಿಧಾನವಾಗಿ ಹೆದೆಯನ್ನು ಮುಂದಕ್ಕೆ ತಂದು ಬಿಲ್ಲನ್ನು ಇಳಿಸಬೇಕು. ಮೊದಲ ವಾರವೆಲ್ಲ ಇದೇ. ಉಳಿದವರ ಅಂಕ ಬರೆಯುವ ಪುಸ್ತಕದಲ್ಲಿ ನನ್ನ ಹೆಸರಿನ ಕೆಳಗೆ ನೀವು ಪೆನ್ಸಿಲಿನಲ್ಲಿ ಗೀಟು ಹಾಕುತ್ತಾ ಹೋದಿರಿ, ಇಳಿಸಿದ ಪ್ರತಿ ಬಾಣಕ್ಕೂ ಒಂದು ಗೀಟು. ವಾರದ ಕೊನೆಗೆ 212 ಗೀಟು, ಬಿಟ್ಟ ಬಾಣ ಒಂದೂ ಇಲ್ಲ. ಕೆಲಸ ಮುಗಿಸಿ ದಣಿದು ಬಂದ ಸಂಜೆಗಳಲ್ಲೂ ನೀವು ಒಂದು ಗೀಟನ್ನೂ ತಪ್ಪಿಸಲಿಲ್ಲ. ಯಾರಿಗೂ ಕಾಣದ ಕೆಲಸವನ್ನು ಹೀಗೆ ಕೂತು ಎಣಿಸುವವರು ಸಿಗುವುದು ದೊಡ್ಡ ಪುಣ್ಯ. ಮೂರು ವಾರ ಕಳೆದ ಮೇಲೆ ಬಿಡಲು ಬಿಟ್ಟಿರಿ. ಆಮೇಲೆ 18 ಮೀಟರ್, 30, 50. ಎಳೆತ 32 ಪೌಂಡಿಗೆ ಬಂದಾಗ, ಇನ್ನು ಒಂದು ವರ್ಷ ಇದನ್ನು ಮುಟ್ಟುವಂತಿಲ್ಲ ಎಂದು ಕಟ್ಟುನಿಟ್ಟಾಗಿ ಹೇಳಿದಿರಿ. ಮುಟ್ಟುವುದಿಲ್ಲ ಸರ್.

ತಮ್ಮಾ, ನಿನ್ನನ್ನೂ ನೆನೆಯಬೇಕು. ಭುಜ ಹೋದಮೇಲೆ ಬಿಲ್ಲುಗಾರಿಕೆ ಎಲ್ಲಿಯದು ಎಂದು ನಾನು ಮಂಕಾಗಿ ಕೂತಿದ್ದಾಗ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ವಿಡಿಯೋ ಹಾಕಿ ಪಕ್ಕದಲ್ಲಿ ಕೂತೆ. ಹುಟ್ಟಿನಿಂದಲೇ ಕೈಗಳಿಲ್ಲದ ಮ್ಯಾಟ್ ಸ್ಟುಟ್ಜ್‌ಮನ್ ಕಾಲಿನಲ್ಲಿ ಬಿಲ್ಲು ಹಿಡಿದು ಚಿನ್ನ ಗೆದ್ದದ್ದು. ಅವರಿಗೆ ಬೆಳ್ಳಿ ಬಂದದ್ದು 2012ರಲ್ಲಿ, ಲಂಡನ್ನಿನಲ್ಲಿ. ನೀನು ಉಪದೇಶ ಮಾಡಲಿಲ್ಲ, "ನಡುವೆ 12 ವರ್ಷ" ಅಂದೆ ಅಷ್ಟೆ. ಅದೇ ಕ್ರೀಡಾಕೂಟದಲ್ಲಿ ಅವರಂತೆಯೇ ಕೈಗಳಿಲ್ಲದ ನಮ್ಮ ಶೀತಲ್ ದೇವಿ, ರಾಕೇಶ್ ಕುಮಾರ್ ಜೊತೆ ಕಂಚು ಗೆದ್ದದ್ದನ್ನೂ ಆ ರಾತ್ರಿ ಮೂರು ಸಲ ನೋಡಿದೆವು.

ಇನ್ನು ಅಕ್ಕ. ನನ್ನ ಪಕ್ಕದಲ್ಲೇ ನಿಂತು ಬಾಣ ಬಿಡುವ ಅಕ್ಕ. ಗುರಿಯಲ್ಲಿ ನೆಟ್ಟ ಕಾರ್ಬನ್ ಬಾಣ ಕೀಳಲು ಭುಜದ ಬಲವೇ ಬೇಕು. ಮೊದಲ ತಿಂಗಳುಗಳಲ್ಲಿ ನನಗೆ ಅದಕ್ಕೆ ಅನುಮತಿ ಇರಲಿಲ್ಲ. ಅಕ್ಕ ತನ್ನ ಬಾಣ ಕಿತ್ತಮೇಲೆ ನನ್ನವಕ್ಕೆ ಬರುತ್ತಿದ್ದಳು. ಹಿಂದೆ ಯಾರೂ ನಿಂತಿಲ್ಲವೆಂದು ತಿರುಗಿ ನೋಡಿ, ಎಡ ಅಂಗೈಯನ್ನು ಗುರಿಗೆ ಒತ್ತಿ, ಬಾಣವನ್ನು ಬುಡದಲ್ಲೇ ಹಿಡಿದು ನೇರ ಎಳೆಯುತ್ತಿದ್ದಳು. ತುದಿಗೆ ಮೆತ್ತಿದ ಹುಲ್ಲು ಒರೆಸಿ, ಗರಿ ನೆಟ್ಟಗಿದೆಯೇ ಎಂದು ಬೆರಳಾಡಿಸಿ, ಒಂದೊಂದಾಗಿ ನನ್ನ ಬತ್ತಳಿಕೆಗೆ ಹಾಕುತ್ತಿದ್ದಳು. ಒಮ್ಮೆಯೂ ನಾನು ಕೇಳುವಂತೆ ಮಾಡಲಿಲ್ಲ.

ಭಾನುವಾರ ಹತ್ತನೇ ಸುತ್ತಿನಲ್ಲಿ ಗಾಳಿ ಎದ್ದಿತು. ಎಳೆದು ನಿಂತೆ, ಚುಕ್ಕೆ ಮತ್ತೆ ನೀಲಿಯಲ್ಲಿ ಅಂಟಿತು, ಬೆರಳಲ್ಲಿ ಹಳೆಯ ನಡುಕ. ಇಳಿಸಿದೆ. ಉಸಿರು ಬಿಟ್ಟು ಮತ್ತೆ ಎಳೆದೆ. ಬೆನ್ನಿನ ಮೂಳೆ ಜರುಗಿತು, ಟಿಕ್ ಅಂತು, ಬಾಣ ಹೋಯಿತು. ಎಂಟು. ಸಂಜೆ ಕೋಚ್ ಸರ್ ಪುಸ್ತಕ ತೆರೆದು ತೋರಿಸಿದರು: 561ರ ಪಕ್ಕದಲ್ಲಿ ಪೆನ್ಸಿಲಿನ ಐದು ಗೀಟು.

ಕೊನೆಯ ಸುತ್ತು ಮುಗಿದು ಮೂರು ಸೀಟಿ ಊದಿದಾಗ ಅಕ್ಕನೂ ನಾನೂ ಗುರಿಯ ತನಕ ಜೊತೆಯಾಗಿ ನಡೆದೆವು. ಅಂಕ ಬರೆದಾಯಿತು. ಅಭ್ಯಾಸಬಲದಿಂದ ಅಕ್ಕ ನನ್ನ ಬಾಣಕ್ಕೆ ಕೈ ಚಾಚಿದಳು. "ಅಕ್ಕಾ, ಇವತ್ತು ನಾನೇ ಕೀಳ್ತೀನಿ" ಅಂದೆ. ನನ್ನ ಆರನ್ನೂ ಕಿತ್ತು, ಆಮೇಲೆ ಅವಳ ಆರನ್ನೂ ಕಿತ್ತು, ತುದಿ ಒರೆಸಿ ಅವಳ ಕೈಗೆ ಕೊಟ್ಟೆ.