ಅಮೆರಿಕನ್ ಫುಟ್‌ಬಾಲ್ ವರದಿಗಳಲ್ಲಿ ಪಾಸಿಂಗ್ ರೂಟ್‌ಗಳಿಗೂ ಜಾಗವಿರಲಿ

ಮಾನ್ಯ ಸಂಪಾದಕರೆ,

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಅಂತಿಮ ಪಂದ್ಯವಾಗಿ ಫೆಬ್ರವರಿಯಲ್ಲಿ ನಡೆಯುವ ಸೂಪರ್ ಬೌಲ್‌ನ ವರದಿಗಳು ಈಗ ಕನ್ನಡ ಕ್ರೀಡಾಪುಟಗಳಲ್ಲೂ ಬರುತ್ತಿರುವುದು ಸಂತೋಷದ ಸಂಗತಿ. ಆದರೆ ಆ ವರದಿಗಳಲ್ಲಿ ಚೆಂಡೆಸೆಯುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್ ಎಷ್ಟು ಗಜ ಪಾಸ್ ಮಾಡಿದ, ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ಎಷ್ಟು ಟಚ್‌ಡೌನ್ ತಂದುಕೊಟ್ಟ ಎಂಬ ಲೆಕ್ಕ ಸಿಗುತ್ತದೆಯೇ ಹೊರತು, ಆ ಚೆಂಡನ್ನು ಹಿಡಿದ ರಿಸೀವರ್ ಯಾವ ದಾರಿಯಲ್ಲಿ ಓಡಿ ಆ ಜಾಗಕ್ಕೆ ಬಂದ ಎಂಬುದರ ಸುಳಿವು ಸಿಗುವುದಿಲ್ಲ. ಆ ದಾರಿಗೇ ಈ ಆಟದಲ್ಲಿ ರೂಟ್ ಎನ್ನುತ್ತಾರೆ. ರೂಟ್ ತಿಳಿಯದೆ ಪಾಸ್ ಅರ್ಥವಾಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ತಮ್ಮ ಮುಂದೆ ಇಡಲು ಈ ಪತ್ರ.

ಮುಂದಕ್ಕೆ ಚೆಂಡೆಸೆಯುವುದು ಈ ಆಟದಲ್ಲಿ ನಿಯಮಬದ್ಧವಾದದ್ದು 1906ರಲ್ಲಿ. ಅಂದಿನಿಂದ ಬೆಳೆದು ಬಂದ ಪಾಸಿಂಗ್ ಕಲೆಯ ತಿರುಳು ಇಷ್ಟು: ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಎಷ್ಟೋ ಸಲ ರಿಸೀವರ್ ತಿರುಗುವ ಮೊದಲೇ, ಅವನು ಒಂದೆರಡು ಕ್ಷಣಗಳಲ್ಲಿ ತಲುಪಲಿರುವ ಜಾಗಕ್ಕೆ ಚೆಂಡನ್ನು ಎಸೆದಿರುತ್ತಾನೆ. ಆದ್ದರಿಂದ ಎಷ್ಟು ಗಜ ನೇರ ಓಡಬೇಕು, ಎಲ್ಲಿ ಯಾವ ಕಡೆ ಮುರಿದು ತಿರುಗಬೇಕು ಎಂಬುದು ಮೊದಲೇ ನಿಶ್ಚಯವಾಗಿರಬೇಕು. ಎಸೆಯುವವನು ಹಿಂದಕ್ಕೆ ಇಡುವ ಹೆಜ್ಜೆಗಳೂ ಇದಕ್ಕೆ ಹೊಂದಿಕೊಂಡಿರುತ್ತವೆ; ಸಾಮಾನ್ಯವಾಗಿ ಮೂರು ಹೆಜ್ಜೆಗೆ ಗಿಡ್ಡ ರೂಟ್‌ಗಳು, ಐದು ಹೆಜ್ಜೆಗೆ ಮಧ್ಯಮ ದೂರದವು, ಏಳು ಹೆಜ್ಜೆಗೆ ಆಳವಾದವು.

ಈ ರೂಟ್‌ಗಳನ್ನೆಲ್ಲ ಒಂದೇ ಚಿತ್ರದಲ್ಲಿ ಬರೆದರೆ, ಒಂದು ಕಾಂಡದಿಂದ ಎರಡೂ ಬದಿಗೆ ಕೊಂಬೆಗಳು ಒಡೆದಂತೆ ಕಾಣುವುದರಿಂದ ಅದನ್ನು ರೂಟ್ ಟ್ರೀ ಎಂದು ಕರೆಯುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಕ್ರಮದಲ್ಲಿ 9ನ್ನು ಬಿಟ್ಟು ಬೆಸ ಸಂಖ್ಯೆಯ ರೂಟ್‌ಗಳು ಮೈದಾನದ ಅಂಚಿನ ಕಡೆಗೂ, ಸಮ ಸಂಖ್ಯೆಯವು ನಡುವಿನ ಕಡೆಗೂ ತಿರುಗುತ್ತವೆ. 1 ಎಂದರೆ ಫ್ಲ್ಯಾಟ್, ಬೇಗನೆ ಅಂಚಿಗೆ ಸರಿಯುವ ಓಟ. 2 ಎಂದರೆ ಸ್ಲ್ಯಾಂಟ್, ಎರಡು ಮೂರು ಹೆಜ್ಜೆ ಇಟ್ಟು ಓರೆಯಾಗಿ ಒಳನುಗ್ಗುವುದು. 3 ಮತ್ತು 4, ಅಂದರೆ ಕಮ್‌ಬ್ಯಾಕ್ ಮತ್ತು ಕರ್ಲ್, ಎರಡರಲ್ಲೂ ರಿಸೀವರ್ ಮುಂದೆ ಓಡಿ ಎಸೆಯುವವನ ಕಡೆಗೆ ಹಿಂತಿರುಗುತ್ತಾನೆ, ಮೊದಲನೆಯದರಲ್ಲಿ ಅಂಚಿನತ್ತ, ಎರಡನೆಯದರಲ್ಲಿ ಒಳಗಡೆಗೆ. 5 ಔಟ್, 6 ಡಿಗ್. ಇವೆರಡೂ ಲಂಬಕೋನದಲ್ಲಿ ಮುರಿಯುವ ರೂಟ್‌ಗಳು. 7 ಕಾರ್ನರ್, ಮೈದಾನದ ಕೊನೆಯ ಅಂಕಣವಾದ ಎಂಡ್ ಝೋನ್‌ನ ಮೂಲೆಯತ್ತ ಹೋಗುವುದು. 8 ಪೋಸ್ಟ್, ಗೋಲ್‌ಪೋಸ್ಟ್‌ಗಳ ದಿಕ್ಕಿಗೆ ಓರೆಯಾಗಿ ಸಾಗುವುದು. 9 ಗೋ, ಎಲ್ಲಿಯೂ ತಿರುಗದೆ ನೇರವಾಗಿ ಓಡುವುದು. ಗೂಗ್ಲಿ, ಯಾರ್ಕರ್ ಎಂಬ ಪದಗಳನ್ನು ವಿವರಣೆ ಬೇಡದೆ ಓದಿಕೊಳ್ಳುವ ನಮ್ಮ ಕ್ರಿಕೆಟ್ ಓದುಗರಿಗೆ ಈ ಒಂಬತ್ತು ಹೆಸರುಗಳು ಭಾರವಾಗಲಾರವು.

ತಂಡಗಳು ಈ ಹೆಸರುಗಳನ್ನು ಬಳಸುವ ರೀತಿಯಲ್ಲಿ ಭೇದಗಳಿವೆ, ಅದೇ ಈ ವಿಷಯದ ಸ್ವಾರಸ್ಯ. 1978ರಿಂದ ಸ್ಯಾನ್ ಡಿಯಾಗೊ ಚಾರ್ಜರ್ಸ್ ತಂಡಕ್ಕೆ ತರಬೇತಿ ಕೊಟ್ಟ ಡಾನ್ ಕೊರಿಯೆಲ್ ಅವರ ಪದ್ಧತಿಯಲ್ಲಿ ಅಂಕಿಗಳೇ ಆದೇಶಗಳು: 862 ಎಂದು ಕೂಗಿದರೆ ಒಬ್ಬ ಪೋಸ್ಟ್, ಇನ್ನೊಬ್ಬ ಡಿಗ್, ಮತ್ತೊಬ್ಬ ಸ್ಲ್ಯಾಂಟ್ ಓಡಬೇಕೆಂಬುದು ಮೂರೇ ಅಂಕಿಗಳಲ್ಲಿ ಎಲ್ಲರಿಗೂ ತಿಳಿಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡದ ಬಿಲ್ ವಾಲ್ಶ್ ಅವರ ವೆಸ್ಟ್ ಕೋಸ್ಟ್ ಪದ್ಧತಿಯಲ್ಲಿ ರೂಟ್‌ಗಳನ್ನು ಪದಗಳಲ್ಲಿ ಹೇಳುವುದರಿಂದ ಒಂದು ಆದೇಶ ಬಹಳ ಉದ್ದವಾಗಬಹುದು. ರಾನ್ ಎರ್ಹಾರ್ಟ್ ಮತ್ತು ರೇ ಪರ್ಕಿನ್ಸ್ ರೂಪಿಸಿದ, ಮುಂದೆ ಟಾಮ್ ಬ್ರೇಡಿ ಆಡಿದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಬಳಸಿದ ಪದ್ಧತಿಯಲ್ಲಿ ಒಂದೇ ಪದ ಹಲವು ರಿಸೀವರ್‌ಗಳ ರೂಟ್‌ಗಳನ್ನು ಒಟ್ಟಿಗೆ ಸೂಚಿಸುತ್ತದೆ. ಯಾರು ಎಲ್ಲಿ ನಿಂತಿದ್ದಾರೋ ಅದಕ್ಕೆ ತಕ್ಕಂತೆ ಅವರವರ ಓಟ ಬದಲಾಗುತ್ತದೆ. ಹೀಗಾಗಿ ಒಂದು ತಂಡದ 7 ಇನ್ನೊಂದು ತಂಡದಲ್ಲೂ 7 ಆಗಿಯೇ ಇರಬೇಕೆಂದಿಲ್ಲ. ಎನ್‌ಎಫ್‌ಎಲ್ ಪಂದ್ಯಗಳಲ್ಲಿ ತರಬೇತುದಾರರ ಧ್ವನಿ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್‌ನಲ್ಲಿರುವ ರೇಡಿಯೊದಲ್ಲಿ ಕೇಳಿಸುತ್ತದೆ, ಆದರೆ ಆಟ ಆರಂಭಿಸಲು ಇರುವ ಸಮಯವನ್ನು ಎಣಿಸುವ ಪ್ಲೇ ಕ್ಲಾಕ್‌ನಲ್ಲಿ 15 ಸೆಕೆಂಡ್ ಉಳಿದಾಗ ಆ ಸಂಪರ್ಕ ಕಡಿದುಹೋಗುತ್ತದೆ ಎಂಬುದನ್ನು ನೆನೆದರೆ, ಆದೇಶ ಚಿಕ್ಕದಾಗಿರುವುದಕ್ಕೆ ಎಷ್ಟು ಬೆಲೆಯಿದೆ ಎಂಬುದು ಮನದಟ್ಟಾಗುತ್ತದೆ.

ಒಬ್ಬನ ರೂಟ್ ಇನ್ನೊಬ್ಬನಿಗಾಗಿ ಇರುವುದೂ ಉಂಟು. ಸ್ಮ್ಯಾಷ್ ಎಂಬ ಜೋಡಿಯಲ್ಲಿ ಹೊರಗಿನ ರಿಸೀವರ್ ನಾಲ್ಕಾರು ಗಜ ಓಡಿ ನಿಲ್ಲುತ್ತಾನೆ, ಒಳಗಿನವನು ಅವನಿಗಿಂತ ಆಚೆಯ ಜಾಗಕ್ಕೆ ಕಾರ್ನರ್ ರೂಟ್ ಓಡುತ್ತಾನೆ. ಆ ಬದಿಯನ್ನು ಕಾಯುವ ರಕ್ಷಣಾ ಆಟಗಾರ ನಿಂತವನ ಮೇಲೆ ಬಿದ್ದರೆ ಚೆಂಡು ಕಾರ್ನರ್ ಓಡಿದವನಿಗೆ, ಹಿಂದಕ್ಕೆ ಸರಿದರೆ ನಿಂತವನಿಗೆ ಹೋಗುತ್ತದೆ. ಚೆಂಡು ಬಾರದ ರಿಸೀವರ್‌ನ ಹೆಸರು ಅಂಕಿಪಟ್ಟಿಯಲ್ಲಿ ಬರುವುದಿಲ್ಲ, ಆದರೂ ಆ ಕ್ಯಾಚ್‌ನಲ್ಲಿ ಅವನ ಪಾಲು ಅರ್ಧದಷ್ಟಿರುತ್ತದೆ.

ಇದಕ್ಕೆಲ್ಲ ಒಂದೇ ದೊಡ್ಡ ನಿದರ್ಶನ ಸಾಕು. 2015ರ ಫೆಬ್ರವರಿ 1ರಂದು ಅರಿಜೋನಾದ ಗ್ಲೆಂಡೇಲ್‌ನಲ್ಲಿ ನಡೆದ 49ನೇ ಸೂಪರ್ ಬೌಲ್‌ನಲ್ಲಿ 28-24ರಿಂದ ಹಿಂದಿದ್ದ ಸಿಯಾಟಲ್ ಸೀಹಾಕ್ಸ್ ತಂಡಕ್ಕೆ ಗೆಲುವಿನ ಗೆರೆ ಒಂದೇ ಗಜ ದೂರವಿತ್ತು, ಉಳಿದಿದ್ದ ಸಮಯ ಅರ್ಧ ನಿಮಿಷಕ್ಕೂ ಕಡಿಮೆ. ರಸೆಲ್ ವಿಲ್ಸನ್ ಎಸೆದ ಚೆಂಡನ್ನು ನ್ಯೂ ಇಂಗ್ಲೆಂಡ್‌ನ ಮಾಲ್ಕಮ್ ಬಟ್ಲರ್ ಕಸಿದುಕೊಂಡರು, ಪಂದ್ಯ ಅಲ್ಲಿಗೇ ನಿರ್ಧಾರವಾಯಿತು. ಬಲಿಷ್ಠ ಓಟಗಾರ ಮಾರ್ಷಾನ್ ಲಿಂಚ್ ಅವರ ಕೈಗೆ ಚೆಂಡು ಕೊಡದೆ ಪಾಸ್ ಮಾಡಿದ್ದು ಸರಿಯೇ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಆದರೆ ರೂಟ್ ನೋಡಿದರೆ ಬೇರೆಯೇ ವಿಷಯ ಕಾಣುತ್ತದೆ. ಆ ಚೆಂಡು ತಲುಪಬೇಕಿದ್ದ ಸಿಯಾಟಲ್ ರಿಸೀವರ್ ರಿಕಾರ್ಡೊ ಲಾಕೆಟ್ ಓಡಿದ್ದು ಸ್ಲ್ಯಾಂಟ್. ಅವರ ಮುಂದೆ ನಿಂತಿದ್ದ ಜರ್ಮೇನ್ ಕರ್ಸ್, ಬಟ್ಲರ್ ಬರುವ ದಾರಿಗೆ ಅಡ್ಡವಾಗಿ ಲಾಕೆಟ್‌ಗೆ ಜಾಗ ಮಾಡಿಕೊಡಬೇಕಿತ್ತು. ನ್ಯೂ ಇಂಗ್ಲೆಂಡ್‌ನ ಬ್ರ್ಯಾಂಡನ್ ಬ್ರೌನರ್ ಆರಂಭದಲ್ಲೇ ಕರ್ಸ್ ಅವರ ಎದೆಗೆ ಕೈಕೊಟ್ಟು ಅವರನ್ನು ಕದಲದಂತೆ ತಡೆದರು, ಬಟ್ಲರ್‌ಗೆ ದಾರಿ ತೆರೆದುಕೊಂಡಿತು, ಚೆಂಡು ತಲುಪುವ ಜಾಗಕ್ಕೆ ಅವರು ಲಾಕೆಟ್‌ಗಿಂತ ಮೊದಲು ತಲುಪಿದರು. ಇದೇ ಬಗೆಯ ಆಟವನ್ನು ಅವರು ಆ ಪಂದ್ಯಕ್ಕೆ ಮುಂಚಿನ ಅಭ್ಯಾಸದಲ್ಲಿ ಎದುರಿಸಿದ್ದರು, ಹಾಗಾಗಿ ಇಬ್ಬರು ರಿಸೀವರ್‌ಗಳು ಒಬ್ಬರ ಹಿಂದೊಬ್ಬರು ನಿಂತದ್ದನ್ನು ಕಂಡೊಡನೆ ಬರಲಿರುವುದನ್ನು ಊಹಿಸಿದರು. ಆ ಇಂಟರ್‌ಸೆಪ್ಷನ್‌ಗೆ ಕಾರಣವಾದದ್ದನ್ನು ಇಷ್ಟು ವಿವರವಾಗಿ ಬರೆದಾಗ ಬ್ರೌನರ್ ಅವರಿಗೆ ಸಲ್ಲಬೇಕಾದ ಪಾಲು ಸಲ್ಲುತ್ತದೆ. "ವಿಲ್ಸನ್ ಎಸೆತ ಎಡವಿತು" ಎಂದು ಬರೆದರೆ ಅದು ಸಲ್ಲುವುದಿಲ್ಲ.

ನಿಯಮವನ್ನೂ ಇಲ್ಲಿ ಹೇಳಬೇಕು. ರಿಸೀವರ್‌ನನ್ನು ದೂಡಿ ಹಿಡಿತದಲ್ಲಿಡಲು ರಕ್ಷಣಾ ಆಟಗಾರನಿಗಿರುವ ಅವಕಾಶವನ್ನು ಎನ್‌ಎಫ್‌ಎಲ್ 1978ರಲ್ಲಿ ಮೊದಲ ಐದು ಗಜಗಳಿಗೆ ಸೀಮಿತಗೊಳಿಸಿತು. ಬ್ರೌನರ್ ಮಾಡಿದ್ದು ಆ ಐದು ಗಜಗಳ ಒಳಗಿನ ಕೆಲಸ. ಅದರಾಚೆ ದೂಡಿದರೆ ದಂಡ ಬೀಳುತ್ತದೆ, ರೂಟ್‌ಗಳು ಗಡಿಯಾರದಂತೆ ಕರಾರುವಾಕ್ಕಾಗಿ ನಡೆಯಲು ಈ ನಿಯಮ ಬಹಳ ನೆರವಾಯಿತು.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪುರುಷರ ಮತ್ತು ಮಹಿಳೆಯರ ಫ್ಲ್ಯಾಗ್ ಫುಟ್‌ಬಾಲ್ ನಡೆಯಲಿದೆ. ಪ್ರತಿ ತಂಡದಲ್ಲಿ ಐವರೇ ಆಡುವ, ನೆಲಕ್ಕೆ ಕೆಡವುವುದರ ಬದಲು ಸೊಂಟಕ್ಕೆ ಸಿಕ್ಕಿಸಿದ ಬಟ್ಟೆಯ ಪಟ್ಟಿಯನ್ನು ಎಳೆದು ಆಟ ನಿಲ್ಲಿಸುವ ಈ ರೂಪದಲ್ಲಿ ದೈಹಿಕ ಬಲಪ್ರದರ್ಶನಕ್ಕೆ ಅವಕಾಶ ಕಡಿಮೆ, ಹಾಗಾಗಿ ರೂಟ್‌ಗಳ ಪಾತ್ರ ಇನ್ನೂ ದೊಡ್ಡದು. ಆ ವೇಳೆಗೆ ಕನ್ನಡ ಓದುಗರು ಈ ಪದಗಳಿಗೆ ಒಗ್ಗಿಕೊಂಡಿರಬೇಕಾದರೆ ಈಗಿನಿಂದಲೇ ಆರಂಭಿಸುವುದು ಒಳ್ಳೆಯದು.

ತಮ್ಮಲ್ಲಿ ನನ್ನ ವಿನಂತಿ ಎರಡು. ಮುಂದಿನ ಸೂಪರ್ ಬೌಲ್ ವರದಿಯೊಂದಿಗೆ ರೂಟ್ ಟ್ರೀಯ ಚಿಕ್ಕ ರೇಖಾಚಿತ್ರವನ್ನು ಅಂಕಿ ಮತ್ತು ಹೆಸರುಗಳ ಸಮೇತ ಪ್ರಕಟಿಸಿ. ಪಂದ್ಯದ ನಿರ್ಣಾಯಕ ಪಾಸ್‌ಗಳನ್ನು ವರ್ಣಿಸುವಾಗ ಗಜಗಳ ಲೆಕ್ಕದ ಜೊತೆಗೆ ರಿಸೀವರ್ ಓಡಿದ ರೂಟ್‌ನ ಹೆಸರನ್ನೂ, ಅವನಿಗೆ ಜಾಗ ಬಿಡಿಸಿಕೊಟ್ಟ ಸಹ ಆಟಗಾರನ ಹೆಸರನ್ನೂ ಒಂದು ವಾಕ್ಯದಲ್ಲಾದರೂ ಸೇರಿಸುವಂತೆ ತಮ್ಮ ಕ್ರೀಡಾ ವರದಿಗಾರರಿಗೆ ದಯವಿಟ್ಟು ಸೂಚಿಸಿ.

ಇಂತಿ,
ತಮ್ಮ ಪತ್ರಿಕೆಯ ಓದುಗ