ಒಂದೇ ಕೌಂಟರ್, ಎರಡು ಸಾಲು

ಮಾನ್ಯ ಸಂಪಾದಕರೇ,

ಒಂದೇ ಕೌಂಟರ್ ಇರುವ ಕಚೇರಿ, ಆಸ್ಪತ್ರೆಗಳಲ್ಲಿ ಹಿರಿಯ ನಾಗರಿಕರಿಗೂ ಅಂಗವಿಕಲರಿಗೂ ಪ್ರತ್ಯೇಕ ಸಾಲು ಮಾಡುವುದು ನ್ಯಾಯವೇ. ಆದರೆ ಅದರ ಹೊರೆ ಉಳಿದವರ ಮೇಲೆ ಎಷ್ಟು ಬೀಳುತ್ತದೆ ಎಂಬುದನ್ನೂ ಲೆಕ್ಕ ಹಾಕಬೇಕು. ಅದಕ್ಕೆ ಬೇಕಾದ ಸೂತ್ರವನ್ನು ಗಣಿತಜ್ಞ ಅಲನ್ ಕೋಬಮ್ 1954ರಲ್ಲೇ ಕೊಟ್ಟಿದ್ದಾರೆ.

ಜನ ಯಾದೃಚ್ಛಿಕವಾಗಿ ಬರುತ್ತಾರೆ, ಸೇವೆಯ ಅವಧಿ ಘಾತೀಯ ವಿತರಣೆಯಲ್ಲಿದ್ದು (ಹೆಚ್ಚಿನವರ ಕೆಲಸ ಬೇಗ ಮುಗಿಯುತ್ತದೆ, ಕೆಲವರದು ಬಹಳ ಹೊತ್ತು ಹಿಡಿಯುತ್ತದೆ) ಒಬ್ಬರಿಗೆ ಸರಾಸರಿ 4 ನಿಮಿಷ ಹಿಡಿಯುತ್ತದೆ, ಸಿಬ್ಬಂದಿಗೆ ಶೇ 80ರಷ್ಟು ಹೊತ್ತು ಕೆಲಸವಿರುತ್ತದೆ ಎಂದುಕೊಳ್ಳೋಣ. ಎಲ್ಲರದೂ ಒಂದೇ ಸಾಲಾದರೆ ಸರಾಸರಿ 16 ನಿಮಿಷ ಕಾಯಬೇಕು. ನಡೆಯುತ್ತಿರುವ ಕೆಲಸವನ್ನು ಅರ್ಧಕ್ಕೆ ನಿಲ್ಲಿಸದೆ, ನಾಲ್ವರಲ್ಲಿ ಒಬ್ಬರಿಗೆ ಆದ್ಯತೆ ಕೊಟ್ಟರೆ ಅವರು 4 ನಿಮಿಷ, ಉಳಿದವರು 20 ನಿಮಿಷ ಕಾಯುತ್ತಾರೆ. ಒಬ್ಬರು ಉಳಿಸಿದ 12 ನಿಮಿಷವನ್ನು ಮೂವರು ತಲಾ ನಾಲ್ಕರಂತೆ ತೆರುತ್ತಾರೆ. ಕಂಪ್ಯೂಟರ್ ವಿಜ್ಞಾನಿ ಲಿಯೊನಾರ್ಡ್ ಕ್ಲೈನ್‌ರಾಕ್ ನಿರೂಪಿಸಿದ ಸಂರಕ್ಷಣಾ ನಿಯಮದ ತಿರುಳೂ ಇದೇ: ಆದ್ಯತೆಯಿಂದ ಒಟ್ಟು ಕಾಯುವಿಕೆ ಕಡಿಮೆಯಾಗುವುದಿಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ವರ್ಗವಾಗುತ್ತದೆ ಅಷ್ಟೆ.

ಆತಂಕ ಇರುವುದು ಮುಂದೆ. ಸಾಮಾನ್ಯ ಸಾಲಿಗೆ ಬರುವವರು ಹೆಚ್ಚಿ ಒಟ್ಟು ಹೊರೆ, ಅಂದರೆ ಸಿಬ್ಬಂದಿಗೆ ಕೆಲಸವಿರುವ ಹೊತ್ತು, ಶೇ 80ರಿಂದ ಶೇ 95ಕ್ಕೆ ಏರಿದರೆ ಅವರ ಕಾಯುವಿಕೆ 95 ನಿಮಿಷವಾಗುತ್ತದೆ, ಆದ್ಯತೆಯವರದು ಐದನ್ನೂ ಮುಟ್ಟುವುದಿಲ್ಲ. ಆದ್ದರಿಂದ ಆದ್ಯತೆಯ ಸಾಲು ಚುರುಕಾಗಿದೆಯೆಂದು ತೃಪ್ತರಾಗದೆ, ಅಧಿಕಾರಿಗಳು ಒಟ್ಟು ಹೊರೆಯನ್ನು ಅಳೆದು, ದಟ್ಟಣೆಯ ಹೊತ್ತಿನಲ್ಲಾದರೂ ಎರಡನೇ ಕೌಂಟರ್ ತೆರೆಯಬೇಕೆಂದು ಕೋರುತ್ತೇನೆ.

— ಗಣಿತ ಅಧ್ಯಾಪಕ