ಗಾಡಿಯೊಳಗೆ ಫ್ಲ್ಯಾಗ್ ಪೆಟ್ಟಿಗೆ, ಮೇಲೆ 800 ರೂಪಾಯಿ: ನಮ್ಮ ಗ್ರಾಹಕರಿಗೊಂದು ಪತ್ರ

ಪ್ರೀತಿಯ ಗ್ರಾಹಕರೇ,

ಮೊದಲು ಕ್ಷಮೆ ಕೇಳುತ್ತೇವೆ. ಗಾಡಿಯೊಳಗೆ ಬಾವುಟದ ಸೂಚನೆ ತೋರಿಸುವ ಪೆಟ್ಟಿಗೆ ಇಟ್ಟು, ನಮ್ಮ ಗದ್ದೆಯ ಮಣ್ಣಿನ ರೇಸಿನ ದಿನದ ಎಂಟ್ರಿ ಹಣವನ್ನು 3,500ರಿಂದ 4,300ಕ್ಕೆ ಏರಿಸಿದ್ದನ್ನು ರೇಸಿನ ಹಿಂದಿನ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಸಾಲಿನಲ್ಲಿ ತಿಳಿಸಿದೆವು. ಅದು ತಪ್ಪು. ಮಡಿಕೇರಿಯಿಂದ, ಕುಟ್ಟದಿಂದ ಗಾಡಿ ಟ್ರೈಲರಿಗೆ ಕಟ್ಟಿ ಹೊರಟು ನಿಂತವರಿಗೆ ಹಾಗೆ ಹೇಳಬಾರದಿತ್ತು. ಆವತ್ತು ಹಳೆಯ ದರ ನಂಬಿ ಬಂದು ಹೊಸ ದರ ಕೊಟ್ಟವರಿಗೆ ವ್ಯತ್ಯಾಸದ ಹಣ ವಾಪಸ್ ಕೊಡುತ್ತೇವೆ. ಗೋಣಿಕೊಪ್ಪದ ಗ್ಯಾರೇಜಿಗೆ ಬನ್ನಿ, ಇಲ್ಲವೇ ಫೋನ್ ಮಾಡಿ.

ದರ ಮಾತ್ರ ಇಳಿಸುವುದಿಲ್ಲ. ಯಾಕೆಂದು ಹೇಳುತ್ತೇವೆ.

ಹೋದ ಸೀಸನ್ನಿನಲ್ಲಿ ಸಿಲ್ವರ್ ಓಕ್ ತಿರುವಿನಲ್ಲಿ ಗಾಡಿ ಮಗುಚಿದ ದಿನ ನಿಮ್ಮಲ್ಲಿ ಅರ್ಧ ಜನ ಅಲ್ಲೇ ಇದ್ದಿರಿ. ಡ್ರೈವರಿಗೆ ಏನೂ ಆಗಲಿಲ್ಲ ಅಂತ ಎಲ್ಲರೂ ಚಪ್ಪಾಳೆ ತಟ್ಟಿ ಮನೆಗೆ ಹೋದೆವು. ಆದರೆ ನಿಧಾನ ಮಾಡಿ ಅಂತ ಹಳದಿ ಬಾವುಟ ಬೀಸುತ್ತಿದ್ದ ನಮ್ಮ ಹುಡುಗ ಅದೇ ಹೊತ್ತಿಗೆ ತೋಡಿಗೆ ಹಾರಿದ್ದು ಹೆಚ್ಚಿನವರಿಗೆ ಗೊತ್ತಿಲ್ಲ. ಹಿಂದೆ ಬಂದ ಎರಡು ಗಾಡಿಗೂ ಅವನು ಕಾಣಲಿಲ್ಲ. ಸಂಜೆ ಆ ಬಾವುಟವನ್ನು ಕೈಯಲ್ಲಿ ಹಿಡಿದು ನೋಡಿದೆವು. ಬೆಳಿಗ್ಗೆ ಹಳದಿ ಇದ್ದದ್ದು ಧೂಳು ಕುಡಿದು ಕುಡಿದು ಗದ್ದೆಯ ಮಣ್ಣಿನ ಬಣ್ಣಕ್ಕೇ ತಿರುಗಿತ್ತು. ಮಣ್ಣಿನ ಬಣ್ಣದ ಬಟ್ಟೆಯನ್ನು ಮಣ್ಣಿನ ಧೂಳಿನಲ್ಲಿ ಬೀಸಿದರೆ ಯಾರಿಗೆ ಕಾಣಬೇಕು? ಗಂಟೆಗೆ 70 ಕಿಲೋಮೀಟರ್ ಅಂದರೆ ಸೆಕೆಂಡಿಗೆ 19 ಮೀಟರ್. ಆವತ್ತು ಧೂಳಿನಲ್ಲಿ ಕಣ್ಣಿಗೆ ಸಿಗುತ್ತಿದ್ದದ್ದು 15 ಮೀಟರ್ ಇದ್ದೀತು. ಆ ಇಬ್ಬರು ಡ್ರೈವರುಗಳ ಮೇಲೆ ತಪ್ಪು ಹೊರಿಸಲು ನಮಗೆ ಬಾಯಿ ಬರಲಿಲ್ಲ.

2014ರ ಅಕ್ಟೋಬರ್ 5ರಂದು ಜಪಾನಿನ ಸುಜುಕಾದಲ್ಲಿ ನಡೆದ ಎಫ್1 ರೇಸನ್ನು ಟಿವಿ ಮುಂದೆ ಕೂತು ನೋಡಿದವರು ನಮ್ಮಲ್ಲಿ ಬಹಳ ಜನ. ಮಳೆಯಲ್ಲಿ ಎರಡು ಹಳದಿ ಬಾವುಟ ಬೀಸುತ್ತಲೇ ಇದ್ದವು. ಆದರೂ ಡ್ರೈವರ್ ಜೂಲ್ ಬಿಯಾಂಕಿಯ ಕಾರು ಜಾರಿ, ಇನ್ನೊಂದು ಕಾರನ್ನು ಎತ್ತಲು ಬಂದಿದ್ದ ಟ್ರ್ಯಾಕ್ಟರಿಗೆ ಹೊಡೆಯಿತು. 2015ರ ಜುಲೈಯಲ್ಲಿ ಅವರು ತೀರಿಕೊಂಡರು. ಇಡೀ ಟ್ರ್ಯಾಕಿನಲ್ಲಿ ಎಲ್ಲರನ್ನೂ ಒಟ್ಟಿಗೆ ನಿಧಾನ ಮಾಡಿಸುವ ವರ್ಚುಯಲ್ ಸೇಫ್ಟಿ ಕಾರ್ ಅನ್ನುವ ನಿಯಮ ಎಫ್1ನಲ್ಲಿ ಬಂದದ್ದು ಅದೇ ವರ್ಷ. ಸುಜುಕಾದಲ್ಲಿ ಬಾವುಟ ಹಿಡಿಯುವ ಮಾರ್ಷಲ್‌ಗಳಿಗೆ, ದೀಪಗಳಿಗೆ ಕೊರತೆ ಇರಲಿಲ್ಲ. ನಮ್ಮ ಗದ್ದೆಯಲ್ಲಿ ಇರುವುದು ಐದು ಪೋಸ್ಟ್, ಐದು ಹುಡುಗರು.

ಈಗ ಪ್ರತಿ ಹುಡುಗನ ಕೈಯಲ್ಲಿ ಬಾವುಟದ ಜೊತೆ ಒಂದು ಬಟನ್ ಡಬ್ಬಿ ಇದೆ. ಬಾವುಟವನ್ನು ತೆಗೆದಿಲ್ಲ, ತೆಗೆಯುವುದೂ ಇಲ್ಲ. ಅವನು ಒತ್ತಿದರೆ ರೇಡಿಯೋ ಮೂಲಕ ನಿಮ್ಮ ಡ್ಯಾಶ್ ಮೇಲಿನ ಪೆಟ್ಟಿಗೆಯಲ್ಲಿ ದೀಪ ಹತ್ತುತ್ತದೆ, ಬಜರ್ ಕೂಗುತ್ತದೆ. ಹಳದಿ ಆದರೆ ಆ ಭಾಗಕ್ಕೆ ಮಾತ್ರ. ನೇರಳೆ ಆದರೆ ಇಡೀ ಟ್ರ್ಯಾಕಿಗೆ. ಐದು ಸೆಕೆಂಡ್ ಎಣಿಕೆ ಮುಗಿಯುವುದರೊಳಗೆ ಎಲ್ಲರೂ ಗಂಟೆಗೆ 30 ಕಿಲೋಮೀಟರಿಗೆ ಇಳಿಯಬೇಕು. ದುಬೈ 24 ಗಂಟೆ ರೇಸಿನಂಥ ಕಡೆ ಇದನ್ನೇ ಕೋಡ್ 60 ಅನ್ನುತ್ತಾರೆ, ನೇರಳೆ ಬಾವುಟದ ನಡುವೆ ಬಿಳಿ ವೃತ್ತದಲ್ಲಿ 60 ಅಂತ ಬರೆದಿರುತ್ತದೆ. ಡಾಂಬರಿಗೆ 60 ಸರಿ. ನಮ್ಮ ಮಣ್ಣಿನಲ್ಲಿ 60 ಅಂದರೆ ರೇಸಿನ ವೇಗವೇ ಆಯಿತು, ಅದಕ್ಕೆ 30 ಇಟ್ಟೆವು.

"ಪೆಟ್ಟಿಗೆಯೇ ಬ್ರೇಕ್ ಹಾಕುತ್ತದಂತೆ" ಅನ್ನುವ ಮಾತು ಪೊನ್ನಂಪೇಟೆವರೆಗೂ ಹೋಗಿದೆ. ಹಾಕುವುದಿಲ್ಲ. ನಿಮ್ಮ ಜಿಪ್ಸಿ, ಎಸ್ಟೀಮ್‌ಗಳ ಥ್ರಾಟಲ್ ಕೇಬಲ್‌ಗೂ ಇಗ್ನಿಷನ್ನಿಗೂ ನಾವು ಕೈ ಹಚ್ಚಿಲ್ಲ. ಪೆಟ್ಟಿಗೆ ತೋರಿಸುತ್ತದೆ, ವೇಗ ಬರೆದಿಡುತ್ತದೆ, ಅಷ್ಟೇ. ನಮ್ಮ ಎರಡು ಬಾಡಿಗೆ ಗಾಡಿಗಳಲ್ಲಿ ಮಾತ್ರ ವೇಗ 30 ದಾಟದ ಹಾಗೆ ತಡೆಯುವ ಲಿಮಿಟರ್ ಬಟನ್ ಇದೆ. ಅದನ್ನು ಒತ್ತುವವರೂ ಡ್ರೈವರೇ.

ಇನ್ನು ಪ್ರತಿ ರೇಸಿನಲ್ಲೂ ಕೇಳಿದ ದೂರು. "ಅಪಘಾತ ಆ ಮೂಲೆಯಲ್ಲಿ, ನಾನಿರುವುದು ಈ ಮೂಲೆಯಲ್ಲಿ. ನನ್ನನ್ನು ಎಂತಕ್ಕೆ ನಿಧಾನ ಮಾಡಿಸುತ್ತೀರಿ? ನನ್ನ ಲೀಡ್ ತಿಂದಿರಿ." ಟೈಮಿಂಗ್ ಹಾಳೆಯ ಫೋಟೋ ಹೊಡೆದು ಕಳಿಸಿದವರೂ ಇದ್ದಾರೆ. ಸಿಟ್ಟು ನಮಗೆ ಅರ್ಥವಾಗುತ್ತದೆ, ನಾವೂ ಓಡಿಸಿದವರೇ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ, ತಾಳ್ಮೆಯಿಂದ ಓದಿ.

ನೀವು 60ರಲ್ಲಿ ಹೋಗುತ್ತಿದ್ದೀರಿ, ಹಿಂದಿನವರಿಗಿಂತ 3 ಸೆಕೆಂಡ್ ಮುಂದಿದ್ದೀರಿ ಅಂತಿಟ್ಟುಕೊಳ್ಳಿ. ನೆಲದ ಮೇಲೆ ಅದು 50 ಮೀಟರ್. ನೇರಳೆ ಹತ್ತಿತು, ಇಬ್ಬರೂ ಒಟ್ಟಿಗೆ 30ಕ್ಕೆ ಇಳಿದಿರಿ. 50 ಮೀಟರ್ 50 ಮೀಟರೇ, ಆದರೆ 30ರಲ್ಲಿ ಅದನ್ನು ದಾಟಲು 6 ಸೆಕೆಂಡ್ ಬೇಕು. ಹಾಳೆಯಲ್ಲಿ ಲೀಡ್ 6 ಅಂತ ಬೀಳುತ್ತದೆ. ಹಸಿರು ಬಂತು, ಇಬ್ಬರೂ ಒಟ್ಟಿಗೆ 60ಕ್ಕೆ ಏರಿದಿರಿ, ಹಾಳೆಯಲ್ಲಿ ಮತ್ತೆ 3. ಆ 6 ನೋಡಿ ಇದ್ದಕ್ಕಿದ್ದ ಹಾಗೆ 3 ಸೆಕೆಂಡ್ ಹೋಯಿತು ಅಂತ ಕೂಗಾಡಿದವರು ಕಳೆದುಕೊಂಡದ್ದು ಏನೂ ಇಲ್ಲ.

ಈಗ ನೀವು ಕೇಳುವ ಹಾಗೆ ಅಪಘಾತದ ಮೂಲೆಯಲ್ಲಿ ಮಾತ್ರ ನಿಧಾನ ಮಾಡಿಸೋಣ. ಅಲ್ಲಿಗೆ ಮೊದಲು ತಲುಪುವವರು ಮುಂದಿರುವ ನೀವು. ನೀವು 30ಕ್ಕೆ ಇಳಿದಿರಿ, ಹಿಂದಿನವರು ಇನ್ನೂ 60ರಲ್ಲಿ ಬರುತ್ತಿದ್ದಾರೆ. ಅವರೂ ಒಳಗೆ ಬಂದು ಇಳಿಯುವಷ್ಟರಲ್ಲಿ 50 ಮೀಟರ್ 25 ಆಗಿರುತ್ತದೆ. ಇಬ್ಬರೂ ಒಳಗಿರುವಾಗಲೇ ಹಸಿರು ಬಂದರೆ ನಿಮ್ಮ ಕೈಯಲ್ಲಿ ಉಳಿಯುವುದು ಒಂದೂವರೆ ಸೆಕೆಂಡ್. ಲೀಡ್ ತಿನ್ನುವುದು ಅಂದರೆ ಅದು. ಅದು ಆಗಬಾರದು ಅಂತಲೇ ಎಲ್ಲ ಮೂಲೆಯವರನ್ನೂ ಒಂದೇ ಕ್ಷಣಕ್ಕೆ ಇಳಿಸುವುದು. ಎಣಿಕೆಯ ಐದು ಸೆಕೆಂಡಿನಲ್ಲಿ ಒಬ್ಬರು ಮೊದಲು, ಒಬ್ಬರು ಕೊನೆಗೆ ಬ್ರೇಕ್ ಹಾಕುತ್ತಾರೆ, ಕೆಲವು ಮೀಟರ್ ಆಚೆ ಈಚೆ ಆಗುತ್ತದೆ, ಒಪ್ಪುತ್ತೇವೆ. ಒಬ್ಬ ಹುಡುಗನ ಕಾಲಿನ ಮುಂದೆ ಆ ಕೆಲವು ಮೀಟರ್ ನಮಗೆ ದೊಡ್ಡದಲ್ಲ.

ನಮ್ಮ ಕಡೆಯಿಂದ ತಪ್ಪಾದ ದಿನವೂ ಒಂದಿದೆ. ಮೊದಲ ರೇಸಿನಲ್ಲಿ ಇಬ್ಬರಿಗೆ ಸುಮ್ಮಸುಮ್ಮನೆ ಹಳದಿ ಬಂತು. ನಮ್ಮ ಟ್ರ್ಯಾಕಿನ ಎರಡು ನೇರ ದಾರಿಗಳ ನಡುವೆ ಇರುವುದು ಹತ್ತು ಮೀಟರ್ ಏರಿ. ಗಾಡಿ ಎಲ್ಲಿದೆ ಅಂತ ಪೆಟ್ಟಿಗೆಗೆ ಹೇಳುವ ಜಿಪಿಎಸ್ ಮರದ ಎಲೆಗಳಡಿ ಅಷ್ಟು ತಪ್ಪುವುದುಂಟು. ಪೆಟ್ಟಿಗೆ ಆ ಗಾಡಿಗಳು ಪಕ್ಕದ ನೇರದಲ್ಲಿವೆ ಅಂದುಕೊಂಡಿತು. ಆ ಇಬ್ಬರಿಗೂ ಆವತ್ತೇ ಎಂಟ್ರಿ ಹಣ ಹಿಂದಿರುಗಿಸಿದೆವು, ಈಗ ಎರಡೂ ನೇರಗಳನ್ನು ಒಂದೇ ಭಾಗ ಮಾಡಿದ್ದೇವೆ. ಆಮೇಲೆ ಹಾಗೆ ಆಗಿಲ್ಲ.

ಹಣದ ಮಾತಿಗೆ ಬರುತ್ತೇವೆ. "ಪೆಟ್ಟಿಗೆ ನೆಪದಲ್ಲಿ ದುಡ್ಡು ಮಾಡುತ್ತಿದ್ದಾರೆ" ಅಂದದ್ದು ನಮಗೆ ನಿಜಕ್ಕೂ ನೋವು ತಂದಿದೆ. ಪೆಟ್ಟಿಗೆ ಒಂದಕ್ಕೆ 14,000, ಹನ್ನೆರಡು ಪೆಟ್ಟಿಗೆಗೆ 1,68,000. ಟವರ್ ಸೆಟ್ ಮತ್ತು ಐದು ಬಟನ್ ಡಬ್ಬಿಗೆ 90,000. ಒಟ್ಟು 2,58,000. ನೀವು ಕೊಡುವ 800ರಲ್ಲಿ ಜಿಎಸ್‌ಟಿ 122 ಹೋಗಿ ನಮಗೆ ಉಳಿಯುವುದು 678. ರೇಸಿಗೆ 25 ಗಾಡಿ, ಹುತ್ತರಿ ಹಬ್ಬ ಕಳೆದು ಗದ್ದೆ ಒಣಗಿದ ಮೇಲೆ ಮಳೆ ಹಿಡಿಯುವವರೆಗೆ ಆರು ರೇಸ್. ಹಾಕಿದ್ದು ಬರಲು ಎರಡೂವರೆ ಸೀಸನ್ ಬೇಕು, ಅದೂ ಒಂದು ಪೆಟ್ಟಿಗೆಯೂ ಕೆಡದಿದ್ದರೆ. ಈಗಾಗಲೇ ಎರಡು ಕೆಟ್ಟಿವೆ. ಪೆಟ್ಟಿಗೆ ಬಿಚ್ಚದೆ ಗಾಡಿಯೊಳಗೆ ಪ್ರೆಷರ್ ಪೈಪ್ ಹಿಡಿದು ತೊಳೆದದ್ದು ಕಾರಣ. ಯಾರೆಂದು ಹೇಳುವುದಿಲ್ಲ, ಇನ್ನು ಮುಂದೆ ದಯವಿಟ್ಟು ಬಿಚ್ಚಿ ನಮ್ಮ ಕೈಗೆ ಕೊಟ್ಟು ಹೋಗಿ.

ಅಮೆರಿಕದಿಂದ ತರಿಸಬಹುದಿತ್ತಲ್ಲ, ಅಲ್ಲಿ ಹವ್ಯಾಸಿ ರೇಸಿಗೆ ಇಂಥದ್ದು ಸಿಗುತ್ತದೆ ಅಂದವರಿಗೆ: ಅಲ್ಲಿ ಇಂಥ ರೇಡಿಯೋಗಳಿಗೆ ಬಿಟ್ಟಿರುವುದು 902ರಿಂದ 928 ಮೆಗಾಹರ್ಟ್ಸ್. ಇಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದದ್ದು 865ರಿಂದ 868. ಅದಕ್ಕೇ ಇಲ್ಲೇ ಮಾಡಿಸಿದೆವು. ಮೊಬೈಲ್ ಆ್ಯಪ್ ಸಾಕು ಅಂದವರು ಒಮ್ಮೆ ಸಿಲ್ವರ್ ಓಕ್ ತಿರುವಿನಲ್ಲಿ ನಿಂತು ಮನೆಗೆ ಫೋನ್ ಮಾಡಿ ನೋಡಿ.

ಕಾಫಿ ಕೊಯ್ಲಿನ ಮಧ್ಯೆ ಬಿಡುವು ಮಾಡಿಕೊಂಡು, ಮಕ್ಕಳನ್ನೂ ಕರೆದುಕೊಂಡು ನಮ್ಮ ಗದ್ದೆಗೆ ಬರುತ್ತೀರಿ. ಏರಿಯ ಮೇಲೆ ಕೂತು ನೋಡುವವರಲ್ಲಿ ನಮ್ಮ ಮನೆಯವರೂ ಇರುತ್ತಾರೆ. ತೋಡಿಗೆ ಹಾರಿದ ಹುಡುಗ ಈಗಲೂ ಅದೇ ಪೋಸ್ಟಿನಲ್ಲಿ ನಿಲ್ಲುತ್ತಾನೆ. ಬೇರೆ ಜಾಗ ಕೊಡುತ್ತೇವೆ ಅಂದರೂ ಬೇಡ ಅಂದ. ಅವನ ತಾಯಿಗೆ ನಾವು ಮಾತು ಕೊಟ್ಟಿದ್ದೇವೆ.

ಮುಂದಿನ ರೇಸಿನ ದಿನ ಬೆಳಿಗ್ಗೆ ಏಳಕ್ಕೆ, ಮಂಜು ಬಿಡುವ ಮೊದಲೇ, ಪೆಟ್ಟಿಗೆ ಕಟ್ಟಿ ಎರಡು ಸುತ್ತು ಸುಮ್ಮನೆ ಓಡಿಸಲು ಬನ್ನಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ನಿಮ್ಮದೇ ಹೆಲ್ಮೆಟ್ ತನ್ನಿ. ಸೀಟಿನಲ್ಲಿ ಬೆಲ್ಟ್ ಬಿಗಿದು ಕೂತಾಗ ದೀಪ ನೇರ ಕಣ್ಣಿಗೆ ಬೀಳಬೇಕು. ಬೀಳದಿದ್ದರೆ ಅಲ್ಲೇ ಹೇಳಿ, ಎಷ್ಟು ಸಲ ಬೇಕಾದರೂ ಬಿಚ್ಚಿ ಕಟ್ಟಿಕೊಡುತ್ತೇವೆ.

ನಿಮ್ಮ,
ಗ್ಯಾರೇಜಿನವರು, ಗೋಣಿಕೊಪ್ಪ